ಎರಡು ಸಲ ಉಂಡ ಭಾನುವಾರ

ನಾನು ದಾವಣಗೆರೆಯವಳು. ನಮ್ಮ ಕಡೆ ಯಾರಾದರೂ "ಊಟ ಆತೇನ್ರಿ?" ಎಂದು ಕೇಳಿದರೆ, ಆಗಿದ್ದರೆ ಆಗಿದೆ ಅನ್ನುತ್ತೇವೆ, ಆಗಿಲ್ಲದಿದ್ದರೆ ಇಲ್ಲ ಅನ್ನುತ್ತೇವೆ. ಹೊಟ್ಟೆಯ ವಿಷಯದಲ್ಲಿ ಸುಳ್ಳು ಹೇಳೋದಕ್ಕೆ ಏನಿದೆ? ಅದೇ ಬುದ್ಧಿಯನ್ನು ಗಂಟು ಕಟ್ಟಿಕೊಂಡು ಗಡಿಯಾಚೆ ತಮಿಳುನಾಡಿನ ಹೊಸೂರಿಗೆ ಬಂದೆ. ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕೆಲಸ, ಅದೇ ಫ್ಯಾಕ್ಟರಿಯಲ್ಲಿ ಮಷೀನು ನೋಡಿಕೊಳ್ಳುತ್ತಿದ್ದವನ ಜೊತೆ ಮದುವೆ, ಆಲಸನತ್ತಂನಲ್ಲಿ ಬಾಡಿಗೆ ಮನೆ. ಗಂಡ ಇಲ್ಲಿಯವನೇ, ಹತ್ತಿರದ ತಳಿ ಅನ್ನುವ ಊರಿನ ಕಡೆಯ ಹಳ್ಳಿಯವನು, ಮನೆಮಾತು ಕನ್ನಡವೇ.

ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ, "ಊಟ ಆಯ್ತೇನಮ್ಮ?" ಎಂದರು. ನಾನು ಬಟ್ಟೆ ಒಣಗಿಸುತ್ತಾ, "ಇಲ್ರೀ, ಇನ್ನಾ ಆಗಿಲ್ಲ" ಅಂದೆ. ಆಕೆಯ ಮುಖ ಒಂದು ಕ್ಷಣ ಹೇಗೋ ಆಯಿತು. ಒಳಗೆ ಹೋದವರು ಸ್ವಲ್ಪ ಹೊತ್ತಿನಲ್ಲಿ ತಟ್ಟೆ ಹಿಡಿದು ಬಂದರು. ಮುದ್ದೆ, ಸೊಪ್ಪಿನ ಸಾರು, ಪಕ್ಕದಲ್ಲಿ ಒಂದು ಹಪ್ಪಳ. ನಾನು ಖುಷಿಯಾಗಿ ತಿಂದೆ. ಅದು ಆಕೆ ತಮಗಾಗಿ ಇಟ್ಟುಕೊಂಡಿದ್ದ ಮುದ್ದೆ, ನನಗೆ ಕೊಟ್ಟ ಮೇಲೆ ತಮಗೆ ಬೇರೆ ಅನ್ನಕ್ಕಿಟ್ಟರು ಅನ್ನುವುದು ಆಮೇಲೆ ತಿಳಿಯಿತು.

ಸಂಜೆ ಗಂಡನಿಗೆ ಹೇಳಿದರೆ ಅವನು ನಗುತ್ತಾ ನಗುತ್ತಾ ನೆಲದ ಮೇಲೇ ಕೂತುಬಿಟ್ಟ.

"ಅಯ್ಯೋ ನನ್ ತಾಯಿ! ಅವ್ರು ಕೇಳಿದ್ದು ಚೆನ್ನಾಗಿದ್ದೀಯಾ ಅಂತ. ಆಯ್ತು ಅನ್ಬೇಕು."

"ಆಗಿಲ್ಲದಿದ್ರೆ?"

"ಆಗಿಲ್ದಿದ್ರೂ ಆಯ್ತು ಅನ್ಬೇಕು."

"ಹಾಗಾದ್ರೆ ಇಲ್ಲ ಅನ್ನೋದು ಯಾವಾಗ?"

ಅವನು ನಗು ನಿಲ್ಲಿಸಿ ಯೋಚನೆ ಮಾಡಿದ. "ನಮ್ಮೋರು ಕೇಳ್ದಾಗ. ಇಲ್ಲ ಅಂದ್ರೆ ತಟ್ಟೆ ಹಾಕು ಅಂದಂಗೆ. ಹಂಗ್ ಅನ್ನಾಕೆ ಹಕ್ಕಿರ್ಬೇಕು."

ಇದೆಂಥಾ ಊರಪ್ಪಾ ಅನ್ನಿಸಿತು. ಆದರೆ ಕಿವಿಗೊಟ್ಟು ಕೇಳತೊಡಗಿದ ಮೇಲೆ ಆ ಒಂದು ಮಾತಿನಲ್ಲೇ ಇಲ್ಲಿಯವರು ಅರ್ಧ ಸಂಸಾರ ನಡೆಸುತ್ತಾರೆ ಅನ್ನುವುದು ಗೊತ್ತಾಯಿತು. ಕನ್ನಡದಲ್ಲಿ ಊಟ ಆಯ್ತಾ, ತಮಿಳಿನಲ್ಲಿ ಸಾಪ್ಟೀಂಗ್ಳಾ, ತೆಲುಗಿನಲ್ಲಿ ತಿನ್ನಾರಾ. ಬೆಳಿಗ್ಗೆ ಫ್ಯಾಕ್ಟರಿ ಗೇಟಿನಲ್ಲಿ ಸೆಕ್ಯೂರಿಟಿಯವರು ಕೇಳಿದರೆ ಅದು ನಮಸ್ಕಾರ. ಅದೇ ಮಾತನ್ನು ನಮ್ಮ ಸೂಪರ್‌ವೈಸರ್ ಟೇಬಲ್ ಹತ್ತಿರ ಬಂದು ಮೆತ್ತಗೆ ಕೇಳಿದರೆ ಇವತ್ತು ಸಂಜೆ ಬೇಗ ಬಿಡುವುದಿಲ್ಲ ಅಂತ. ನಮ್ಮ ಬೀದಿಯಲ್ಲಿ ನಲ್ಲಿ ನೀರಿಗಾಗಿ ಒಬ್ಬರ ಜುಟ್ಟು ಒಬ್ಬರು ಹಿಡಿಯುವುದೊಂದು ಬಾಕಿ ಅನ್ನುವಷ್ಟು ಜಗಳವಾಡಿದ ಇಬ್ಬರು ಹೆಂಗಸರು, ಮಾರನೆಯ ದಿನ ರಂಗೋಲಿ ಹಾಕುತ್ತಾ ತಲೆ ಎತ್ತದೆಯೇ ಒಬ್ಬರನ್ನೊಬ್ಬರು "ಆಯ್ತಾ ಊಟ?" ಎಂದು ಕೇಳಿದ್ದನ್ನು ಕಂಡಿದ್ದೇನೆ. ಬೆಳಿಗ್ಗೆ ಆರು ಗಂಟೆಗೆ ಎಂಥ ಊಟ! ಜಗಳ ಮುಗಿಯಿತು ಅಂತ ಅಷ್ಟೆ.

ಆದರೆ ಆ ಮಾತನ್ನು ನಿಜವಾಗಿ ಕೇಳುತ್ತಿದ್ದವರು ಒಬ್ಬರೇ, ನಮ್ಮ ಭಾವ. ನನ್ನ ಗಂಡನ ಅಣ್ಣ. ಮಾವ ತೀರಿಕೊಂಡಾಗ ಗಂಡ ಇನ್ನೂ ಚಿಕ್ಕವನು. ಭಾವ ಸ್ಕೂಲು ಬಿಟ್ಟು ಹೊಲಕ್ಕಿಳಿದರು, ತಮ್ಮನನ್ನು ಓದಿಸಿದರು. ತಳಿ ಕಡೆಯ ಆ ಚಳಿಯಲ್ಲಿ ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ಸಿನವರೆಗೆ ನಡೆಯುತ್ತಿದ್ದರಂತೆ. ತಮ್ಮನಿಗೆ ಮದುವೆಯಾದ ಮೇಲೂ ದಿನಾ ಸಂಜೆ ಫೋನ್ ಬರುತ್ತಿತ್ತು. ಹಲೋ ಇಲ್ಲ, ಏನೂ ಇಲ್ಲ. "ಉಂಡೇನ್ಲಾ?"

ನನ್ನ ಗಂಡ ಬಾಯಲ್ಲಿ ತುತ್ತು ಇಟ್ಟುಕೊಂಡೇ, "ಇಲ್ಲ ಕಣಣ್ಣ" ಅನ್ನುತ್ತಿದ್ದ.

"ಏನ್ ಮಾಡ್ತಾವ್ಳೆ ನಿನ್ ಹೆಂಡ್ತಿ?"

ನನಗೆ ಮೈ ಉರಿದುಹೋಗುತ್ತಿತ್ತು. ಅಲ್ಲಾ, ಬಿಸಿ ಬಿಸಿ ಬಡಿಸಿ ಎದುರಿಗೆ ನಿಂತಿದ್ದೇನೆ, ಇವನು ನನ್ನ ಮಾನ ಹರಾಜು ಹಾಕುತ್ತಾನಲ್ಲ! ಕೇಳಿದರೆ, "ಸುಮ್ಕಿರು, ಅಣ್ಣಂಗೆ ಬಯ್ಯಾಕೆ ಏನಾರ ಬ್ಯಾಡ್ವಾ?" ಅನ್ನುತ್ತಿದ್ದ. ಹಳ್ಳಿಗೆ ಹೋದರಂತೂ ಚಪ್ಪಲಿ ಬಿಡುವ ಮೊದಲೇ "ಅಣ್ಣಾ, ಹಸೀತೈತೆ" ಎಂದು ಕೂಗು. ಭಾವ ಬಯ್ಯುತ್ತಲೇ ತಟ್ಟೆ ಇಡುತ್ತಿದ್ದರು. ಅವರ ಬೈಗುಳ ಕೇಳಿದರೆ ಹೊರಗಿನವರು ಏನೋ ಹೊಡೆದಾಟ ಅಂದುಕೊಳ್ಳಬೇಕು.

ಆಮೇಲೆ ನಾವು ಆಲಸನತ್ತಂನಲ್ಲೇ ಸ್ವಂತ ಮನೆ ಕಟ್ಟಿದೆವು. ಗೃಹಪ್ರವೇಶ ಬಂತು.

ಆ ದಿನ ಭಾವ ಇನ್ನೂ ಬೆಳಕು ಹರಿಯುವ ಮುಂಚೆಯೇ ಜೀಪಿನಲ್ಲಿ ಬಂದಿದ್ದರು. ತಮ್ಮ ಹೊಲದ ಸೇವಂತಿಗೆ, ಬಾಳೆಕಂದು, ಮಾವಿನ ಸೊಪ್ಪು. ಬಾಗಿಲಿಗೆ ತೋರಣ ಕಟ್ಟಿದ್ದು ಅವರೇ. ಪೂಜೆ ಮುಗಿಯುವ ಹೊತ್ತಿಗೆ ಊಟದ ಎಲೆ ಸಾಲದು ಅಂತ ಅಡುಗೆಯವರು ಕೂಗಾಡಿದಾಗ, ಯಾರಿಗೂ ಹೇಳದೆ ಅದೇ ಜೀಪಿನಲ್ಲಿ ಮತ್ತೆ ಊರಿಗೆ ಹೋಗಿ ಎಲೆ ಕೊಯ್ದು ತಂದರು. ಅವರು ವಾಪಸ್ ಬಂದಾಗ ಎರಡನೇ ಪಂಕ್ತಿ ಎದ್ದಿತ್ತು. ನನ್ನ ಗಂಡ ಗೇಟಿನಲ್ಲಿ ಫ್ಯಾಕ್ಟರಿಯ ದೊಡ್ಡವರ ಜೊತೆ ನಿಂತು, ಬಂದವರನ್ನೆಲ್ಲ "ಊಟ ಆಯ್ತಾ ಸಾರ್, ಊಟ ಆಯ್ತಾ ಮೇಡಂ" ಎಂದು ವಿಚಾರಿಸುತ್ತಿದ್ದ. ಬಾಳೆಎಲೆಯ ಕಟ್ಟು ಹೊತ್ತು ಒಳಬಂದ ಅಣ್ಣನನ್ನು ನೋಡಿ, ಅದೇ ಉಸಿರಿನಲ್ಲಿ, ಶಾಮಿಯಾನದ ಕಡೆ ಅದೇ ಕೈ ತೋರಿಸುತ್ತಾ, "ಊಟ ಆಯ್ತಾಣ್ಣ?" ಅಂದ.

ಭಾವ ಒಂದು ಸಲ ಅವನ ಮುಖ ನೋಡಿದರು. "ಆಯ್ತು" ಅಂದರು. ಎಲೆ ಇಳಿಸಿದರು, ಹೋಗಿಬಿಟ್ಟರು.

ಅವರು ಉಣ್ಣದೆ ಹೋದದ್ದು ಸಂಜೆವರೆಗೆ ಯಾರಿಗೂ ಗೊತ್ತಾಗಲಿಲ್ಲ. ಊಟಕ್ಕೆ ಕೂತವರಲ್ಲಿ ಭಾವನನ್ನು ಕಂಡವರು ಯಾರೂ ಇಲ್ಲ ಅಂದಾಗ ಗಂಡನ ಮುಖ ಬಿಳಿಚಿಕೊಂಡಿತು. ರಾತ್ರಿಯ ಊಟ ಅವನಿಗೆ ಇಳಿಯಲಿಲ್ಲ. ಮಾರನೆಯ ದಿನ ನನ್ನ ಓರಗಿತ್ತಿ, ಅಂದರೆ ಭಾವನ ಹೆಂಡತಿ, ಫೋನ್ ಮಾಡಿ ಪಿಸುಗುಟ್ಟಿದರು: "ಮನೇಗ್ ಬಂದು ಬೆಳಗಿನ್ ತಣ್ಣನ್ ಮುದ್ದೆ ಉಂಡ್ರು ಕಣಮ್ಮ. ನನ್ ತಮ್ಮನ್ ಮನೇಲಿ ನಾನು ನೆಂಟ ಆಗ್ಬುಟ್ಟೆ ಅಂದ್ರು. ಅಷ್ಟೇ."

ನನಗೆ ಮೊದಲು ಸಿಟ್ಟೇ ಬಂತು. ಇಷ್ಟಕ್ಕಾ? ಊಟ ಆಯ್ತಾ ಅಂತ ಕೇಳಿದ್ದೂ ತಪ್ಪಾ? ಕೇಳದಿದ್ದರೆ ತಪ್ಪು, ಕೇಳಿದರೂ ತಪ್ಪು ಅಂದರೆ ಮನುಷ್ಯರು ಬದುಕೋದು ಹೇಗೆ? ಗಂಡ ಮಾತ್ರ ನನ್ನ ಜೊತೆ ವಾದಕ್ಕೆ ಬರಲಿಲ್ಲ. "ಅಣ್ಣನ್ನ ಕೇಳ್ಬಾರ್ದಾಗಿತ್ತು. ಕೈ ಹಿಡ್ಕೊಂಡೋಗಿ ಕೂರಿಸ್ಬೇಕಾಗಿತ್ತು" ಅಂದ. ಅಷ್ಟು ಹೊತ್ತಿಗೆ ನಾನೂ ಈ ಊರಿನ ನೀರು ಕುಡಿದು ಒಂದಷ್ಟು ಕಾಲವಾಗಿತ್ತಲ್ಲ, ನನಗೂ ಒಳಗೊಳಗೆ ಅರ್ಥವಾಯಿತು.

ಸಂಜೆಯ ಫೋನ್ ನಿಂತುಹೋಯಿತು.

ಹಬ್ಬಕ್ಕೆ ನಾವೇ ಹೋದೆವು. ಭಾವ ಜಗಲಿಯ ಮೇಲೆ ಕೂತಿದ್ದರು. ನಮ್ಮನ್ನು ನೋಡಿ ಎದ್ದು ನಿಂತರು. ತಮ್ಮನಿಗೆ ಎದ್ದು ನಿಲ್ಲುವ ಅಣ್ಣ! ಎದ್ದು ನಿಂತವರು ತಮಿಳಿನಲ್ಲಿ, "ವಾಂಗ. ಸಾಪ್ಟೀಂಗ್ಳಾ?" ಅಂದರು. ಬನ್ನಿ, ಊಟ ಮಾಡಿದಿರಾ, ಅಂತ. ಅದು ಅವರು ಗೊಬ್ಬರದಂಗಡಿಯಲ್ಲಿ, ತಾಲ್ಲೂಕು ಆಫೀಸಿನಲ್ಲಿ ಆಡುವ ಭಾಷೆ. ಹುಟ್ಟಿದಾಗಿನಿಂದ ತಮ್ಮನ ಜೊತೆ ಒಂದು ತಮಿಳು ಮಾತು ಆಡಿದವರಲ್ಲ. ಗಂಡ ತಲೆ ತಗ್ಗಿಸಿ, "ಆಯ್ತಣ್ಣ" ಅಂದ. ಕಾಫಿ ಬಂತು. ಕುಡಿದೆವು. ಒಳಗಿನಿಂದ ಸಾರಿನ ಒಗ್ಗರಣೆ ಘಮಘಮ ಅನ್ನುತ್ತಿತ್ತು. ಇಬ್ಬರೂ ಹಸಿದ ಹೊಟ್ಟೆಯಲ್ಲಿ ಸ್ಕೂಟರ್ ಹತ್ತಿ ವಾಪಸ್ ಬಂದೆವು. ದಾರಿಯುದ್ದಕ್ಕೂ ನಾನು ಬಯ್ದೆ. ಯಾರನ್ನು ಬಯ್ಯುತ್ತಿದ್ದೇನೆ ಅನ್ನುವುದು ನನಗೇ ಗೊತ್ತಿರಲಿಲ್ಲ.

ಇನ್ನೊಂದು ಸಲ ಗಂಡ ಧೈರ್ಯ ಮಾಡಿ, "ಅಣ್ಣ, ಆವತ್ತು ಮನೇಲಿ..." ಅಂತ ಬಾಯಿ ತೆಗೆದ. ಭಾವ ನಗುತ್ತಾ, "ಏನಾಯ್ತು ಆವತ್ತು? ಏನೂ ಆಗ್ಲಿಲ್ಲ ಬುಡಪ್ಪ" ಅಂದರು. ಆ 'ಬುಡಪ್ಪ' ನನ್ನ ಕಿವಿಗೂ ಬಿತ್ತು. ಯಾವತ್ತೂ 'ಬುಡ್ಲಾ' ಅನ್ನುತ್ತಿದ್ದವರು. ಮರ್ಯಾದೆ ಕೊಟ್ಟು ದೂರ ಇಡುವುದು ಅಂದರೆ ಏನು ಅಂತ ಆವತ್ತು ನೋಡಿದೆ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಅಲ್ಲಿಂದ ನಾವೊಂದು ಪದ್ಧತಿ ಮಾಡಿಕೊಂಡೆವು. ಹಳ್ಳಿಗೆ ಹೋಗುವಾಗ ಬೇಕೆಂದೇ ಕೆಲಮಂಗಲದ ಮೇಲೆ ಸುತ್ತಿಕೊಂಡು, ಅಲ್ಲಿಯ ಒಂದು ಹೋಟೆಲಿನಲ್ಲಿ ಹೊಟ್ಟೆ ತುಂಬ ತಿಂದುಕೊಂಡೇ ಮುಂದೆ ಹೋಗುವುದು. ಆಯ್ತು ಅಂತ ಹೇಳುವುದು ಹೇಗೂ ಇದ್ದೇ ಇದೆ, ಅದು ನಿಜವಾದರೂ ಆಗಿರಲಿ ಅಂತ. ಹೀಗೆ ಎಷ್ಟೋ ಹಬ್ಬಗಳು ಕಳೆದವು. ಸಂಜೆ ಫೋನ್ ಬರುತ್ತಿದ್ದ ಹೊತ್ತಿಗೆ ಗಂಡನ ಕೈ ಮುದ್ದೆಯ ಮೇಲೆ ಹಾಗೇ ನಿಲ್ಲುತ್ತಿತ್ತು. ಫೋನ್ ಕಡೆ ನೋಡುತ್ತಿದ್ದ, ಮತ್ತೆ ಉಣ್ಣುತ್ತಿದ್ದ. ನನಗೆ ಭಯವಾಗತೊಡಗಿತು. ಜಗಳವಾದರೆ ರಾಜಿ ಮಾಡಿಸಬಹುದು. ಇಲ್ಲಿ ಜಗಳವೇ ಇಲ್ಲ. ಹೀಗೇ ಬಿಟ್ಟರೆ ಇಬ್ಬರೂ ಕಾಫಿ ಕುಡಿದು ಎದ್ದು ಹೋಗುವ ನೆಂಟರಾಗಿಯೇ ಉಳಿದುಬಿಡುತ್ತಾರೆ ಅನ್ನಿಸುತ್ತಿತ್ತು.

ಹೋದ ಚಳಿಗಾಲದಲ್ಲಿ ಒಂದು ಶನಿವಾರ ಓರಗಿತ್ತಿಯ ಫೋನ್ ಬಂತು. "ಅವರೆಕಾಯಿ ಬಂದೈತೆ. ಸೊಗಡು ಚೆನ್ನಾಗೈತೆ. ಬಂದು ತಗೊಂಡೋಗಿ." ಮಾರನೆಯ ದಿನ ಭಾನುವಾರ. ಹೊರಟೆವು. ಪದ್ಧತಿಯಂತೆ ಕೆಲಮಂಗಲದಲ್ಲಿ ಗಾಡಿ ನಿಲ್ಲಿಸಿದೆವು. ಆ ಚಳಿಗೋ ಏನೋ, ಗಂಡ ಬಿಸಿ ಪರೋಟಾ ಹರಿದು ಹರಿದು ಹಾಕಿಸಿಕೊಂಡು, ಮೇಲೆ ಸಾಲ್ನಾ ಅನ್ನುವ ಮಸಾಲೆ ಸಾರು ಸುರಿಸಿಕೊಂಡು, ಹೊಟ್ಟೆ ಬಿರಿಯುವಂತೆ ತಿಂದ. ನಾನೇನು ಕಮ್ಮಿ ತಿನ್ನಲಿಲ್ಲ. ಅವನ ಬಿಳಿ ಅಂಗಿಯ ಮೇಲೆ ಸಾಲ್ನಾ ಚೆಲ್ಲಿತು. ನಾನು ಕರ್ಚೀಫು ಒದ್ದೆ ಮಾಡಿ ಉಜ್ಜಿದೆ, ಅದು ಇನ್ನೂ ಅಗಲವಾಯಿತು. "ಬುಡು, ಯಾರು ನೋಡ್ತಾರೆ" ಅಂದ.

ನಾವು ಹೋದಾಗ ಭಾವ ಜಗಲಿಯ ಬಿಸಿಲಿನಲ್ಲಿ ಕೂತು ಅವರೆ ಹಿದುಕುತ್ತಿದ್ದರು. ನೆನೆಸಿದ ಕಾಳನ್ನು ಒಂದೊಂದಾಗಿ ಎರಡು ಬೆರಳಿನ ನಡುವೆ ಒತ್ತಿ, ಬೇಳೆಯನ್ನು ಚಿಮ್ಮಿಸಿ ಸಿಪ್ಪೆ ಬಿಸಾಡುವ ಕೆಲಸ. ಬೆರಳ ತುದಿ ನೊಂದುಹೋಗುತ್ತದೆ. ತಾಳ್ಮೆಯಿಲ್ಲದ ನನ್ನಂಥವಳಿಗೆ ಹೇಳಿ ಮಾಡಿಸಿದ ಶಿಕ್ಷೆ. ಅವರು ನಮ್ಮನ್ನು ನೋಡಿ, ಪಂಚೆ ಕೊಡವಿಕೊಂಡು ಎದ್ದರು.

"ವಾಂಗ. ಸಾಪ್ಟೀಂಗ್ಳಾ?"

ನಾನು ಅಷ್ಟರಲ್ಲೇ ಗಂಡನ 'ಆಯ್ತಣ್ಣ' ಕೇಳಿಸಿಕೊಂಡವಳ ಹಾಗೆ ಜಗಲಿಯ ಮೂಲೆಯಲ್ಲಿ ಕೂರಲು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಆದರೆ ಅವನು ಭಾವನ ಕಾಲ ಬಳಿ ಇದ್ದ ಬೇಸಿನ್ ನೋಡುತ್ತಾ ನಿಂತಿದ್ದ. ನಾನೂ ನೋಡಿದೆ. ಬೇಸಿನ್ ತುಂಬ ಹಿದುಕಿದ ಬೇಳೆ. ಇದ್ದೊಬ್ಬ ಮಗಳನ್ನು ಮದುವೆ ಮಾಡಿ ಕಳಿಸಿದ ಮೇಲೆ ಆ ಮನೆಯಲ್ಲಿ ಉಣ್ಣುವವರು ಇಬ್ಬರೇ. ಇಬ್ಬರ ಸಾರಿಗೆ ಎರಡು ಹಿಡಿ ಬೇಳೆ ಸಾಕು. ಬೆಳಿಗ್ಗೆಯಿಂದ ಬೆರಳು ನೋಯಿಸಿಕೊಂಡು ಅಷ್ಟೊಂದು ಹಿದುಕಬೇಕಾದರೆ, ಇನ್ನೂ ಇಬ್ಬರು ಉಣ್ಣಬಹುದು ಅಂತ ಯಾರೋ ಮನಸ್ಸಿನಲ್ಲೇ ಆಸೆ ಇಟ್ಟುಕೊಂಡಿರಬೇಕು. ಚಿಕ್ಕಂದಿನಲ್ಲಿ ಅದೇ ಜಗಲಿಯ ಮೇಲೆ ಅದೇ ಅಣ್ಣನ ಪಕ್ಕ ಕೂತು ಹಿದುಕಿದವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗಂಡ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ಇಲ್ಲ ಕಣಣ್ಣ" ಅಂದ. "ಹಸೀತೈತೆ."

ಆಗಷ್ಟೇ ಪರೋಟಾ ತಿಂದು ಬಂದವನು! ಭಾವ ಮತ್ತೆ ತಮಿಳಿನಲ್ಲಿ 'ಇರುಂಗ', ಸ್ವಲ್ಪ ಇರಿ, ಅಂದುಬಿಟ್ಟರೆ ಮುಗಿಯಿತು ಕಥೆ ಅಂದುಕೊಂಡೆ. ದೇವರೇ, ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ, ಮರ್ಯಾದೆ ಒಂದು ಕೊಡದೆ ಇರಲಿ ಅಂತ ಬೇಡಿಕೊಂಡೆ.

"ಹೊತ್ತೆಷ್ಟಾಯ್ತು ಗೊತ್ತೇನ್ಲಾ?" ಭಾವನ ಗಂಟಲು ಬೀದಿಯ ಆ ತುದಿಗೆ ಕೇಳುವಂತೆ ಏರಿತು. "ಇಷ್ಟೊತ್ತಾದ್ರೂ ಉಣ್ದೆ ತಿರುಗ್ತೀಯಲ್ಲ, ಬುದ್ಧಿ ಐತೇನ್ಲಾ ನಿಂಗೆ? ಎರಡು ಕತ್ತೆ ವಯಸ್ಸಾಯ್ತು, ಹೊಟ್ಟೆಗ್ ಹಾಕೋಬೇಕು ಅನ್ನೋ ಗ್ಯಾನ ಬ್ಯಾಡ್ವಾ? ಏಯ್, ಮುದ್ದೆಗೆ ಎಸರಿಡೇ!"

ಒಳಗಿನಿಂದ ಓರಗಿತ್ತಿಯ ಉತ್ತರ ಬಂತು: "ಎಸರು ಆಗ್ಲೇ ಕುದೀತಾ ಐತೆ!"

ನಾನು ಮುಖ ತೊಳೆಯುವ ನೆಪದಲ್ಲಿ ನೀರಿನ ತೊಟ್ಟಿಯ ಹತ್ತಿರ ಹೋಗಿ ಚೆನ್ನಾಗಿ ಅತ್ತೆ. ಅಬ್ಬಾ, ಎಷ್ಟು ಹಗುರವಾಯಿತು! ಬೈಗುಳ ಕೇಳಿ ಅಷ್ಟು ಸಂತೋಷಪಟ್ಟಿದ್ದು ಜನ್ಮದಲ್ಲಿ ಅದೇ ಮೊದಲು.

ಆದರೆ ಊಟಕ್ಕೆ ಕೂರಬೇಕಾಯಿತಲ್ಲ! ನನ್ನ ಮುಷ್ಟಿಯ ಎರಡರಷ್ಟಿದ್ದ ಮುದ್ದೆ ತಟ್ಟೆಯಲ್ಲಿ ಹೊಗೆಯಾಡುತ್ತಿತ್ತು. ಸುತ್ತ ಹಿದುಕಿದ ಬೇಳೆ ಸಾರು, ಮೇಲೆ ತುಪ್ಪ. ಬೇರೆ ದಿನವಾಗಿದ್ದರೆ ಆ ಸಾರಿಗೆ ನಾನು ಮನೆ ಬರೆದುಕೊಡುತ್ತಿದ್ದೆ. ಮುದ್ದೆಯನ್ನು ಅಗಿಯುವ ಹಾಗಿಲ್ಲ, ನುಂಗಬೇಕು, ನುಂಗಿದ್ದು ಇಳಿಯಲು ಕೆಳಗೆ ಜಾಗ ಬೇಕು. ಗಂಡನ ಹಣೆಯ ಮೇಲೆ ಆ ಚಳಿಯಲ್ಲೂ ಬೆವರು. ಭಾವ ಸೌಟು ಹಿಡಿದು ಅವನ ಎದುರಿಗೇ ಕುಕ್ಕರಗಾಲಿನಲ್ಲಿ ಕೂತಿದ್ದರು. ಮುದ್ದೆ ಅರ್ಧವಾಗುವುದೇ ತಡ, ಇನ್ನರ್ಧ ಮುರಿದು ಹಾಕಿದರು. "ಸಾಕು ಭಾವ" ಅಂದೆ ನಾನು. "ಹಸಿದ್ ಬಂದೋರು ಸಾಕು ಅಂತಾರೇನಮ್ಮ?" ಅಂದು ನನಗೂ ಹಾಕಿದರು. ಓರಗಿತ್ತಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಅಡ್ಡ ಹಿಡಿದಿದ್ದರು. ಅಳುತ್ತಿದ್ದಾರೆ ಅಂದುಕೊಂಡೆ.

ಆಮೇಲೆ ಭಾವ ಸಾರಿನ ಪಾತ್ರೆಯೊಳಗೆ ನೋಡುತ್ತಾ ಅಂದರು: "ಆವತ್ತು ನಾನೂ ಉಂಡಿರ್ಲಿಲ್ಲ ಕಣ್ಲಾ."

"ಗೊತ್ತಣ್ಣ."

"ಎಲೆ ಹೊತ್ಕೊಂಡ್ ಬತ್ತಾ ಅನ್ಕಂಡೆ, ಎಲ್ಲೋಗಿದ್ದಣ್ಣ ಅಂತ ಬಂದು ಕೈ ಹಿಡ್ಕಂಡ್ ಎಳೀತೀಯ ಅಂತ."

ಗಂಡನ ಕೈ ತಟ್ಟೆಯಲ್ಲೇ ನಿಂತಿತು. "ತಪ್ಪಾಯ್ತಣ್ಣ" ಅಂದ.

"ಉಣ್ಣು, ಆರೋಯ್ತದೆ" ಅಂದರು ಭಾವ, ಇನ್ನೊಂದು ಸೌಟು ಸಾರು ಸುರಿಯುತ್ತಾ.

ಹೊರಡುವಾಗ ಅವರೆಕಾಯಿಯ ಚೀಲವನ್ನು ಭಾವನೇ ಸ್ಕೂಟರಿಗೆ ಕಟ್ಟಿದರು. ಗಂಡ ಗಾಡಿಯ ಮೇಲೆ ಕೂರುವುದಕ್ಕೇ ಒದ್ದಾಡುತ್ತಿದ್ದ. ಭಾವ ಹಗ್ಗದ ಗಂಟು ಬಿಗಿದು ಮುಗಿಸಿ, ತಮ್ಮನ ಅಂಗಿಯ ಮೇಲಿನ ಕಲೆಯನ್ನು ಬೆರಳಿನಿಂದ ಮುಟ್ಟಿದರು.

"ಕೆಲಮಂಗಲದ್ ಪರೋಟಾ ಚೆನ್ನಾಗಿತ್ತೇನ್ಲಾ?"

ಬಾಗಿಲಲ್ಲಿದ್ದ ಓರಗಿತ್ತಿ ಸೆರಗು ಬಿಟ್ಟು ಜೋರಾಗಿ ನಕ್ಕುಬಿಟ್ಟರು. ಆಗಿನಿಂದ ತಡೆದುಕೊಂಡಿದ್ದ ನಗು ಅದು. ಗಂಡ ಕಳ್ಳನ ಹಾಗೆ ನೆಲ ನೋಡಿದ. ನನಗೆ ನಾಚಿಕೆಯ ಜೊತೆ ಸಿಟ್ಟೂ ಬಂತು.

"ಗೊತ್ತಿತ್ತಾ ಭಾವ ನಿಮಗೆ?"

"ಬಾಗ್ಲಲ್ಲಿ ನಿಂತಾಗ್ಲೇ ಸಾಲ್ನಾ ವಾಸ್ನೆ ಬಂತಲ್ಲಮ್ಮ."

"ಗೊತ್ತಿದ್ದೂ ಅಷ್ಟೊಂದು ಬಡಿಸಿದ್ರಲ್ಲ! ನಮ್ಮ ಹೊಟ್ಟೆ ಒಡೆದು ಹೋಗಿದ್ರೆ?"

ಭಾವ ತಮ್ಮನ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಹಸೀತೈತೆ ಅಂದ್ನಲ್ಲಮ್ಮ" ಅಂದರು. "ಅಂದ್ಮ್ಯಾಕೆ ಬಡಿಸ್ದೆ ಇರಾಕಾಯ್ತದಾ?"

ಆ ಸಂಜೆ ಆಲಸನತ್ತಂನ ಮನೆಯಲ್ಲಿ ನಾನು ಒಲೆ ಹಚ್ಚಲಿಲ್ಲ. ಗಂಡ ಸೋಡಾ ಕುಡಿದು ಚಾಪೆಯ ಮೇಲೆ ಅಂಗಾತ ಮಲಗಿ ಸೂರು ನೋಡುತ್ತಿದ್ದ. ಹಳೆಯ ಹೊತ್ತಿಗೆ ಸರಿಯಾಗಿ ಫೋನ್ ಬಂತು. ಹಲೋ ಇಲ್ಲ, ಏನೂ ಇಲ್ಲ.

"ಉಂಡೇನ್ಲಾ?"

ಅವನು ಏಳಲಾರದೆ ಮಲಗಿದಲ್ಲೇ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಇಲ್ಲ ಕಣಣ್ಣ, ಇನ್ನೂ ಇಲ್ಲ" ಅಂದ.

"ಏನ್ ಮಾಡ್ತಾವ್ಳೆ ನಿನ್ ಹೆಂಡ್ತಿ?"

ನನಗೆ ಸಿಟ್ಟೇ ಬರಲಿಲ್ಲ.